ಗಂಗರ ಕಾಲದ ಜನನಾಮಗಳು: ಕಲ್ಪಿತ ಪಾತ್ರಗಳಿಗೆ ಹೆಸರಿಡುವ ಬಗೆ

1. ಪ್ರಸ್ತಾವನೆ

ಚರಿತ್ರೆಯ ಅಧ್ಯಾಪಕರಾದವರು ರಾಜರ ಕಾಲವನ್ನೂ ಯುದ್ಧಗಳ ಕಾರಣವನ್ನೂ ಕುರಿತ ಪ್ರಶ್ನೆಗಳಿಗೆ ಉತ್ತರ ಹೇಳುವುದು ವಾಡಿಕೆ. ಇಲ್ಲದ ವ್ಯಕ್ತಿಗೆ ಹೆಸರನ್ನು ಹುಡುಕಿಕೊಡಬೇಕೆಂಬ ಕೋರಿಕೆ ಅವರ ಮುಂದೆ ಬರುವುದು ಅಪೂರ್ವವೇ ಸರಿ. ಅಂತಹ ಕೋರಿಕೆಯೊಂದು ನಮಗೆ ಬಂದಿತು. ಅದಕ್ಕೆ ಉತ್ತರವನ್ನು ಅರಸುತ್ತ ಹೋದಂತೆ, ಮೊದಲು ವಿನೋದದ ವಿಷಯವೆಂದು ತೋರಿದುದು ನಿಜಕ್ಕೂ ಗಂಭೀರವಾದುದೆಂದು ನಮಗೆ ಮನವರಿಕೆಯಾಯಿತು. ಪ್ರಕೃತ ಲೇಖನವು ಆ ವಿಚಾರದ ಫಲ.

ಬೆಂಗಳೂರಿನ ಪಶ್ಚಿಮ ಭಾಗದ ವಿಜಯನಗರದಲ್ಲಿ, ನಾವು ವಾಸಿಸುವ ಬೀದಿಯ ಸಮೀಪದಲ್ಲಿಯೇ, ಕೆಲವು ಮಂದಿ ಕಾಲೇಜು ವಿದ್ಯಾರ್ಥಿಗಳು ವಾರಕ್ಕೊಮ್ಮೆ ಸಂಜೆಯ ವೇಳೆ ಸೇರಿ ಒಂದು ಬಗೆಯ ಆಟವನ್ನು ಆಡುತ್ತಾರೆ. ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುವನು. ಉಳಿದವರು ತಲೆಗೊಂದು ಪಾತ್ರವನ್ನು ವಹಿಸಿ, ಆ ಪಾತ್ರದ ಬಾಯಿಂದಲೇ ಮಾತನಾಡುವರು. ಕಷ್ಟದ ಪ್ರಸಂಗ ಬಂದಾಗ ದಾಳವನ್ನು ಉರುಳಿಸಿ ಜಯಾಪಜಯಗಳನ್ನು ನಿರ್ಣಯಿಸುವರು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದಿಂದ ಈ ಪದ್ಧತಿಯು ಲೋಕದಲ್ಲೆಲ್ಲ ಹರಡಿತು. ನಮ್ಮ ವಿದ್ಯಾರ್ಥಿಗಳು ಪಾಶ್ಚಾತ್ಯರ ಕೋಟೆಕೊತ್ತಲಗಳನ್ನು ಬಿಟ್ಟು, ಸುಮಾರು 890ರ ಬೇಗೂರನ್ನು ತಮ್ಮ ಕಥೆಯ ರಂಗಸ್ಥಳವಾಗಿ ಆರಿಸಿಕೊಂಡಿದ್ದರು. ಯಕ್ಷರೂ ಭೂತಗಳೂ ಅವರ ಕಥೆಯಲ್ಲಿ ಇರಬಹುದು. ಆದರೆ ಮನುಷ್ಯರ ಹೆಸರುಗಳು ಮಾತ್ರ ಆ ಕಾಲದವೇ ಆಗಿರಬೇಕೆಂಬುದು ಅವರ ನಿಯಮ. ಈ ನಿಯಮವನ್ನು ಮಾಡಿಕೊಂಡುದಕ್ಕಾಗಿ ಅವರನ್ನು ಮೆಚ್ಚಬೇಕು.

ಅವರು ಬರೆದುಕೊಂಡು ಬಂದ ಪಟ್ಟಿಯಲ್ಲಿ ರಣಧೀರವರ್ಮ, ವೀರೇಂದ್ರವರ್ಮ, ಮಯೂರ, ರತ್ನಮಂಜರಿ, ಭುವನಮೋಹಿನಿ ಮುಂತಾದ ಹೆಸರುಗಳಿದ್ದವು. ಕೊನೆಯಲ್ಲಿ ಒಬ್ಬ ಸೇವಕನಿದ್ದನು. ಅವನು ಹೆದರುಪುಕ್ಕಲ, ಎಲ್ಲರನ್ನೂ ನಗಿಸತಕ್ಕವನು. ಅವನ ಹೆಸರು ಮಾರ. ಪಟ್ಟಿಯನ್ನು ಓದಿದಾಗ ಎಲ್ಲರೂ ನಕ್ಕರು. ಒಬ್ಬ ವಿದ್ಯಾರ್ಥಿ ಮಾತ್ರ ನಗಲಿಲ್ಲ. ಅವನ ಅಜ್ಜನ ಹೆಸರು ಮಾರಯ್ಯನೆಂಬುದು ನಮಗೆ ಆಮೇಲೆ ತಿಳಿಯಿತು.

ಆ ಪಟ್ಟಿಯನ್ನು ಶಾಸನಗಳೊಡನೆ ಹೋಲಿಸಿ ನೋಡಿದಾಗ ನಮಗೆ ಕಂಡ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇವೆ: ಪ್ರಾಚೀನವೆಂದು ಅವರು ಆದರಿಸಿದ ಹೆಸರುಗಳಲ್ಲಿ ಹೆಚ್ಚಿನವು ಬೇಗೂರಿನ ಆ ಕಾಲಕ್ಕೆ ಸಲ್ಲತಕ್ಕವಲ್ಲ, ಹಳ್ಳಿಯ ಹೆಸರೆಂದು ಅವರು ನಕ್ಕ ಹೆಸರೊಂದೇ ನಿಸ್ಸಂಶಯವಾಗಿ ಆ ಕಾಲಕ್ಕೆ ಸಲ್ಲುವುದು.

2. ಆಧಾರಗಳು

ಆ ಕಾಲದ ಹೆಸರುಗಳನ್ನು ತಿಳಿಯಲು ನಮಗಿರುವ ಮುಖ್ಯ ಸಾಧನ ಶಾಸನಗಳು. ಕಾವ್ಯಗಳಲ್ಲಿ ಬರುವ ಹೆಸರುಗಳು ಬಹುಮಟ್ಟಿಗೆ ಪುರಾಣದವು. ಕವಿಗಳು ತಮ್ಮ ಮನೆತನವನ್ನೂ ಪೋಷಕರನ್ನೂ ಹೇಳಿಕೊಳ್ಳುವ ಭಾಗಗಳಷ್ಟೇ ನಮ್ಮ ಕೆಲಸಕ್ಕೆ ಬರುತ್ತವೆ. ಶಾಸನಗಳಾದರೋ ದಾನ ಕೊಟ್ಟವನನ್ನು, ಪಡೆದವನನ್ನು, ಕಾದಿ ಸತ್ತವನನ್ನು, ಕಲ್ಲನ್ನು ಕೆತ್ತಿದವನನ್ನು, ಸಾಕ್ಷಿಯಾಗಿ ನಿಂತವನನ್ನು ಹೆಸರು ಹಿಡಿದು ಹೇಳುತ್ತವೆ. ಬಿ. ಎಲ್. ರೈಸ್ ಅವರು 1886ರಿಂದ ಮೊದಲ್ಗೊಂಡು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಬೆಂಗಳೂರು ಜಿಲ್ಲೆಗೆ ಸೇರಿದ ಒಂಬತ್ತನೆಯ ಸಂಪುಟವು 1905ರಲ್ಲಿ ಹೊರಬಂದಿತು. ಶ್ರವಣಬೆಳಗೊಳದ ಸಂಪುಟವನ್ನು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿ ಪ್ರಕಟಿಸಿದರು. ಯಾವುದೇ ಕಾಲೇಜಿನ ವಿದ್ಯಾರ್ಥಿಯು ಈ ಎರಡು ಗ್ರಂಥಗಳ ಮುಂದೆ ಒಂದು ಮಧ್ಯಾಹ್ನವನ್ನು ಕಳೆದರೆ ತನ್ನ ಕಥೆಗೆ ಬೇಕಾದ ಹೆಸರುಗಳನ್ನು ತಾನೇ ಆಯ್ದುಕೊಳ್ಳಬಲ್ಲನು.

ಹೊಸ ಶೋಧಗಳು ಈಗಲೂ ನಡೆಯುತ್ತಿವೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗರಾಜ ಶ್ರೀಪುರುಷನ ಆಳ್ವಿಕೆಗೆ, ಅಂದರೆ ಸುಮಾರು 750ಕ್ಕೆ ಸೇರಿದ ಈ ಕಲ್ಲು, ಪೆರ್ಬೊೞಲ್ನಾಡಿನ ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬವನ ಸ್ಮಾರಕ. ಇಂದು ವಾಹನಗಳ ಗದ್ದಲದಲ್ಲಿ ಮುಳುಗಿರುವ ಆ ಪ್ರದೇಶದಲ್ಲಿ ನಮಗೆ ಹೆಸರು ತಿಳಿದಿರುವ ಬಹು ಪ್ರಾಚೀನ ವ್ಯಕ್ತಿ ರಾಜನಲ್ಲ, ಕಿತ್ತಯ್ಯ.

ಶಾಸನಗಳಿಗೂ ಮಿತಿಯುಂಟು. ಭೂಮಿಯಿದ್ದವನು, ಅಧಿಕಾರವಿದ್ದವನು, ಕಾದಿ ಸತ್ತವನು, ವ್ರತದಿಂದ ದೇಹವನ್ನು ಬಿಟ್ಟವನು ಕಲ್ಲನ್ನೇರುತ್ತಾರೆ. ಪರರ ಹೊಲದಲ್ಲಿ ದುಡಿದು ವೃದ್ಧಾಪ್ಯದಲ್ಲಿ ಮನೆಯಲ್ಲಿಯೇ ಸತ್ತವನಿಗೆ ಆ ಭಾಗ್ಯ ದೊರೆಯುವುದು ವಿರಳ. ಹೆಸರನ್ನು ಆರಿಸುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

3. ಹೆಸರು ಬೇರೆ, ಬಿರುದು ಬೇರೆ

ನಮ್ಮ ವಿದ್ಯಾರ್ಥಿಗಳು ಮಾಡಿದ ಮೊದಲನೆಯ ತಪ್ಪು ಬಿರುದನ್ನು ಹೆಸರೆಂದು ಭಾವಿಸಿದುದು. ಇದು ವಿದ್ಯಾರ್ಥಿಗಳ ತಪ್ಪು ಮಾತ್ರವಲ್ಲ. ನಾಟಕಗಳನ್ನೂ ಚಲನಚಿತ್ರಗಳನ್ನೂ ಬರೆದವರ ತಪ್ಪೂ ಹೌದು. ರಣಧೀರ ಎಂಬುದನ್ನು ನಾವು ಬಲ್ಲುದು ಮೈಸೂರಿನ ಕಂಠೀರವ ನರಸರಾಜ ಒಡೆಯರ (1638–1659) ಹೆಸರಿನೊಡನೆ ಸೇರಿದ ಬಿರುದಾಗಿ. ಅದನ್ನು ಒಂಬತ್ತನೆಯ ಶತಮಾನದ ಬೇಗೂರಿನ ಯೋಧನಿಗೆ ಹುಟ್ಟುಹೆಸರಾಗಿ ತೊಡಿಸಿದರೆ ಏಳುನೂರು ವರ್ಷಗಳಿಗೂ ಮಿಕ್ಕ ವ್ಯತ್ಯಾಸವಾಗುತ್ತದೆ. ವರ್ಮ ಎಂಬ ಅಂತ್ಯಪದವು ಕದಂಬ ಕಾಕುಸ್ಥವರ್ಮ, ಚಾಲುಕ್ಯ ಕೀರ್ತಿವರ್ಮ ಮೊದಲಾದ ಅರಸರಿಗೆ ಒಪ್ಪುವುದು. ನಾಡಿನ ಕಾವಲುಗಾರನಿಗೆ ಒಪ್ಪುವುದಿಲ್ಲ. ಮಯೂರ ಎಂಬ ಹೆಸರು ಸಾಚಾ. ಆದರೆ ತಾಳಗುಂದದ ಶಾಸನವು ಹೇಳುವ ಆ ಮಯೂರಶರ್ಮನು ನಾಲ್ಕನೆಯ ಶತಮಾನದವನು, ಬನವಾಸಿಯ ಸೀಮೆಯವನು.

ಹೆಸರಿಗೂ ಬಿರುದಿಗೂ ಇರುವ ಸಂಬಂಧವನ್ನು ತಿಳಿಯಲು ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ನಿರ್ಮಾತೃವಿನ ಉದಾಹರಣೆಗಿಂತ ಉತ್ತಮವಾದುದು ಮತ್ತೊಂದಿಲ್ಲ. ಬಾದಾಮಿಯ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ಸ್ಮರಣಾರ್ಥವಾಗಿ ರಾಣಿ ಲೋಕಮಹಾದೇವಿಯು ಆ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದಳು. ಅದನ್ನು ರಚಿಸಿದ ಶಿಲ್ಪಿಯನ್ನು ಅಲ್ಲಿನ ಕನ್ನಡ ಶಾಸನವು ಗುಂಡನ್ ಅನಿವಾರಿತಾಚಾರಿ ಎಂದು ಕರೆಯುತ್ತದೆ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದೂ ಸಂದಿತು. ಇದರಲ್ಲಿ ಆಚಾರಿ ಎಂಬುದು ವೃತ್ತಿ. ಅನಿವಾರಿತ ಎಂಬುದು ಅರಸನ ಸ್ವಂತ ಬಿರುದು, ಶಿಲ್ಪಿಯ ಮೇಲಣ ಪ್ರಸಾದ. ತ್ರಿಭುವನಾಚಾರಿ ಎಂಬುದು ಕೊಟ್ಟ ಮರ್ಯಾದೆ. ಇವನ್ನೆಲ್ಲ ಕಳಚಿಟ್ಟರೆ ಉಳಿಯುವುದು ತಾಯಿತಂದೆಗಳು ಇಟ್ಟ ಹೆಸರು: ಗುಂಡ. ದಕ್ಷಿಣಭಾರತದ ಅತ್ಯಂತ ಭವ್ಯವಾದ ದೇವಾಲಯಗಳಲ್ಲೊಂದನ್ನು ಕಟ್ಟಿದವನ ಹೆಸರು ಗುಂಡ ಎಂದರೆ ಇಂದಿನ ವಿದ್ಯಾರ್ಥಿಗೆ ನಗು ಬರಬಹುದು. ನಗು ಬರುವುದು ಹೆಸರಿನ ದೋಷದಿಂದಲ್ಲ, ನಮ್ಮ ಕಿವಿಯ ಅಭ್ಯಾಸದಿಂದ.

ಬೇಗೂರಿಗೇ ಸಂಬಂಧಿಸಿದ ಇನ್ನೊಂದು ಉದಾಹರಣೆಯನ್ನು ನೋಡೋಣ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ದೊಡ್ಡ ವೀರಗಲ್ಲು ಆನೆಕುದುರೆಗಳ ಕಾಳಗದ ಅದ್ಭುತ ಚಿತ್ರವುಳ್ಳದ್ದು. ಗಂಗರ ಎಱೆಯಪ್ಪರಸನ ಪಕ್ಷದಲ್ಲಿ ನಾಗತ್ತರನು ವೀರಮಹೇಂದ್ರನ ಸೈನ್ಯದೊಡನೆ ಕಾದಿ ಸತ್ತನು. ಅದನ್ನು ತಿಳಿದ ಎಱೆಯಪ್ಪನು ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟನು. ಹಾಗಾದರೆ ನಾಗತ್ತರ ಎಂಬುದು ಒಬ್ಬನಿಂದ ಮತ್ತೊಬ್ಬನಿಗೆ ಸಾಗತಕ್ಕ ಪಟ್ಟದ ಹೆಸರು. ನಾಗತ್ತರನೆಂಬ ಹೆಸರಿನಲ್ಲಿ ಸತ್ತವನನ್ನು ಅವನ ತಾಯಿ ಏನೆಂದು ಕರೆಯುತ್ತಿದ್ದಳೆಂಬುದನ್ನು ಕಲ್ಲು ಹೇಳುವುದಿಲ್ಲ. ಅವನ ಪಟ್ಟವನ್ನು ಪಡೆದವನದು ಇರುಗ ಎಂಬ ಅಚ್ಚ ಜನನಾಮ. ಕಥೆಯಲ್ಲಿ ಬೇಗೂರಿನ ಅಧಿಕಾರಿಯೊಬ್ಬನು ಬೇಕಾದರೆ, ಸಭೆಯಲ್ಲಿ ಅವನನ್ನು ನಾಗತ್ತರನೆಂದೂ ಮನೆಯಲ್ಲಿ ಇರುಗನೆಂದೂ ಕರೆಸಿದರೆ ಆ ಕಾಲದ ರೀತಿಗೆ ಸರಿಹೋಗುತ್ತದೆ.

4. ಸಂಸ್ಕೃತ ರೂಪ, ಕನ್ನಡ ರೂಪ

ಎರಡನೆಯ ತಪ್ಪು, ಹಳೆಯ ಹೆಸರೆಂದರೆ ಸಂಸ್ಕೃತದ ಹೆಸರೇ ಆಗಿರಬೇಕೆಂಬ ನಂಬಿಕೆ. ತಾಮ್ರಪಟಗಳ ಪ್ರಶಸ್ತಿ ಭಾಗವು ಸಂಸ್ಕೃತದಲ್ಲಿರುವುದರಿಂದ ಈ ನಂಬಿಕೆ ಬೆಳೆಯಿತು. ಅದೇ ಅರಸನು ಊರಿನ ಕಲ್ಲಿನ ಮೇಲೆ ಕನ್ನಡದಲ್ಲಿ ಕಾಣಿಸಿಕೊಂಡಾಗ ಅವನ ಹೆಸರು ಬೇರೆಯ ರೂಪವನ್ನು ತಾಳುತ್ತದೆ. ರಾಷ್ಟ್ರಕೂಟ ಕೃಷ್ಣನು ಕನ್ನರ, ಧ್ರುವನು ಧೋರ, ಗೋವಿಂದನು ಗೋಯಿಂದ, ನಾಲ್ವಡಿ ಗೋವಿಂದನು ಗೊಜ್ಜಿಗ. ಕಲ್ಯಾಣದ ಚಾಲುಕ್ಯ ಸತ್ಯಾಶ್ರಯನು ಸತ್ತಿಗ. ಸಿಂಹ ಎಂಬುದು ಸಿಂಗ, ಯಕ್ಷಿ ಎಂಬುದು ಜಕ್ಕಿ, ದುರ್ಗ ಎಂಬುದು ದುಗ್ಗ, ನಾರಾಯಣ ಎಂಬುದು ನಾರಣ. ಚಕ್ರವರ್ತಿಗಳೇ ತದ್ಭವ ನಾಮಗಳನ್ನು ನಾಚಿಕೆಯಿಲ್ಲದೆ ಹೊತ್ತಿರುವಾಗ, ಅವರ ಸೇನಾಳು ವೀರೇಂದ್ರವರ್ಮನಾಗಿರುವುದು ಹೇಗೆ?

ಪುರುಷರ ಹೆಸರುಗಳ ಅಂತ್ಯಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು. ಮೊದಲನೆಯದು ಅಯ್ಯ: ಕಿತ್ತಯ್ಯ, ದೋರಪಯ್ಯ, ಪಂಪನ ತಂದೆ ಭೀಮಪಯ್ಯ. ಎರಡನೆಯದು ಇಗ ಅಥವಾ ಉಗ: ಬದ್ದೆಗ, ರವಿಗ, ಇರುಗ, ಬೂತುಗ. ಮೂರನೆಯದು ಅಣ: ರೇಚಣ, ಬುಟ್ಟಣ. ಇವುಗಳ ಮುಂದೆ ಸ್ಥಾನವನ್ನೋ ವೃತ್ತಿಯನ್ನೋ ಸೂಚಿಸುವ ಪದವು ಸೇರುತ್ತದೆ: ಅರಸ, ಗಾವುಂಡ, ಸೆಟ್ಟಿ, ಆಚಾರಿ, ಓಜ. ಸುಮಾರು 890ರ ಬೇಗೂರಿನ ಶಾಸನದಲ್ಲಿ, ಬೆಂಗಳೂರೆಂಬ ಹೆಸರನ್ನು ನಾವು ಮೊದಲು ಕಾಣುವ ಆ ಪ್ರಸಿದ್ಧ ಶಾಸನದಲ್ಲಿ, ಬೆಂಗಳೂರ ಕಾಳಗದಲ್ಲಿ ಸತ್ತವನು ಬುಟ್ಟಣಸೆಟ್ಟಿ. ಇಲ್ಲಿ ಬುಟ್ಟಣ ಎಂಬುದು ಹೆಸರು, ಸೆಟ್ಟಿ ಎಂಬುದು ಸ್ಥಾನ. ಅಂತ್ಯವಿಲ್ಲದ ಚಿಕ್ಕ ಹೆಸರುಗಳೂ ಹೇರಳವಾಗಿದ್ದವು: ಗುಂಡ, ಏಚ, ತೈಲ. ನಮ್ಮ ಬಡಾವಣೆಗೆ ತನ್ನ ಹೆಸರನ್ನು ಕೊಟ್ಟಿರುವ ವಿಜಯನಗರದ ಸಾಮ್ರಾಜ್ಯವನ್ನು ಹದಿನಾಲ್ಕನೆಯ ಶತಮಾನದಲ್ಲಿ ಆಳಿದವನೊಬ್ಬನ ಹೆಸರು ಬುಕ್ಕ ಎಂಬುದನ್ನು ಇಲ್ಲಿಯ ನಿವಾಸಿಗಳು ಮರೆಯಬಾರದು.

5. ಸ್ತ್ರೀಯರ ಹೆಸರುಗಳು

ರತ್ನಮಂಜರಿ, ಭುವನಮೋಹಿನಿ ಎಂಬುವು ಕಥೆಯ ರಾಜಕುಮಾರಿಯರ ಹೆಸರುಗಳು. ಕಲ್ಲಿನ ಮೇಲಿರುವ ಸ್ತ್ರೀಯರು ಬೇರೆ. ಅವರ ಹೆಸರಿನಲ್ಲಿ ಎದ್ದು ಕಾಣುವುದು ತಾಯಿ ಎಂಬರ್ಥದ ಅಬ್ಬೆ ಎಂಬ ಪದ. ಬೇಗೂರಿನಲ್ಲಿಯೇ ನಾಗತ್ತರನ ಮಗಳು ತೊಂಡಬ್ಬೆಯು ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದುದಕ್ಕೆ ಶಾಸನವುಂಟು. ಹತ್ತನೆಯ ಶತಮಾನದ ಆರಂಭದಲ್ಲಿ, ನಾಗರಖಂಡದ ಅಧಿಕಾರಿ ಸತ್ತರಸ ನಾಗಾರ್ಜುನನು ಸತ್ತಾಗ, ಅವನ ಪತ್ನಿ ಜಕ್ಕಿಯಬ್ಬೆಗೆ ನಾಳ್ಗಾವುಂಡ ಪದವಿ ದೊರೆಯಿತು. ಅವಳು ನಾಗರಖಂಡ ಎಪ್ಪತ್ತನ್ನು ಆಳಿ, ರೋಗಪೀಡಿತೆಯಾದಾಗ ಬಂದಣಿಕೆಯಲ್ಲಿ ವ್ರತವನ್ನು ಕೈಗೊಂಡು ಸತ್ತಳು. ಗಂಗ ಬೂತುಗನ ಅಕ್ಕ ಪಂಬಬ್ಬೆಯು ತಲೆಗೂದಲನ್ನು ಕಿತ್ತು ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ತೀರಿಕೊಂಡಳೆಂದು ಕಡೂರಿನ ಶಾಸನ ಹೇಳುತ್ತದೆ. ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಅವಳ ತಂಗಿ ಗುಂಡಮಬ್ಬೆ, ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ ಇವರೆಲ್ಲರೂ ಇದೇ ಸಾಲಿನವರು. ಗುಂಡ ಎಂಬ ಹೆಸರು ಶಿಲ್ಪಿಯಲ್ಲಿಯೂ ಗುಂಡಮಬ್ಬೆಯಲ್ಲಿಯೂ ಬಂದಿರುವುದನ್ನು ವಾಚಕರು ಗಮನಿಸಬೇಕು.

ಅಬ್ಬೆ ಎಂಬ ಅಂತ್ಯವೊಂದೇ ಇದ್ದಿತೆಂದು ತಿಳಿಯತಕ್ಕದ್ದಲ್ಲ. ಏಳನೆಯ ಶತಮಾನದ ಶ್ರವಣಬೆಳಗೊಳದ ನಿಸಿದಿ ಶಾಸನಗಳಲ್ಲಿ ಸಂನ್ಯಾಸಿನಿಯರು ನಾಗಮತಿ ಗಂತಿ, ಶಶಿಮತಿ ಗಂತಿ ಎಂದು ಕರೆಯಲ್ಪಟ್ಟಿದ್ದಾರೆ. ಗಂತಿ ಎಂಬುದು ಜೈನ ಸಂನ್ಯಾಸಿನಿಯರಿಗೆ ಸಲ್ಲುವ ಪದ. ಶ್ರೀಪುರುಷನ 776ರ ದೇವರಹಳ್ಳಿಯ ತಾಮ್ರಪಟದಲ್ಲಿ ಜಿನಾಲಯವನ್ನು ಕಟ್ಟಿಸಿದವಳು ಕುಂದಾಚ್ಚಿ. ಉತ್ತರದ ಸೀಮೆಗೆ ಹೋದರೆ ಮತ್ತೊಂದು ಪರಂಪರೆ ಕಾಣುತ್ತದೆ. ಬಾದಾಮಿಯ ವಿಜಯಾದಿತ್ಯನ ಪ್ರಾಣವಲ್ಲಭೆಯಾದ ವಿನಾಪೋಟಿಯು ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದಳು. ಆ ಶಾಸನದಲ್ಲಿ ಅವಳ ತಾಯಿ ಕುಚಿಪೋಟಿ, ತಾಯಿಯ ತಾಯಿ ರೇವಮಂಚಳು. ತಂದೆಯ ಹೆಸರಿಲ್ಲ; ಮೂರು ತಲೆಮಾರಿನ ವಂಶವನ್ನು ಸ್ತ್ರೀಯರ ಹೆಸರುಗಳಿಂದಲೇ ಹೇಳಿದೆ. ಕಾದಂಬರಿಕಾರನು ಒಂದು ಅಧ್ಯಾಯದಲ್ಲಿ ಹೇಳಬೇಕಾದುದನ್ನು ಆ ಮೂರು ಹೆಸರುಗಳು ಹೇಳುತ್ತವೆ. ಆದರೆ ಪೋಟಿ ಎಂಬ ಅಂತ್ಯವು ಮಲಪ್ರಭೆಯ ತೀರಕ್ಕೆ ಸಹಜವಾದುದು. ಬೇಗೂರಿನ ಕಥೆಗೆ ಅದನ್ನು ತರುವವರು ಆ ಸ್ತ್ರೀಯು ಅಲ್ಲಿಂದ ಬಂದವಳೆಂದು ಕಥೆಯಲ್ಲಿ ಹೇಳಬೇಕಾಗುತ್ತದೆ.

6. ಮಾರ ಎಂಬ ಹೆಸರು

ಈಗ ನಗೆಗೆ ಕಾರಣವಾದ ಹೆಸರಿಗೆ ಬರೋಣ. ಗಂಗರ ವಂಶಾವಳಿಯನ್ನು ಓದಿದವರಿಗೆ ಶಿವಮಾರನೆಂಬ ಹೆಸರಿನ ಇಬ್ಬರು ಅರಸರು ಪರಿಚಿತರು. ಶ್ರೀಪುರುಷನ ಮಗನೊಬ್ಬನ ಹೆಸರು ದುಗ್ಗಮಾರ; ಅವನು ಕುವಳಾಲನಾಡನ್ನು, ಅಂದರೆ ಇಂದಿನ ಕೋಲಾರದ ಸೀಮೆಯನ್ನು ಆಳುತ್ತಿದ್ದನು. ಹತ್ತನೆಯ ಶತಮಾನದ ಪ್ರಸಿದ್ಧ ಗಂಗರಾಜನು ಮಾರಸಿಂಹ. ಕನ್ನಡದ ಬಾಯಲ್ಲಿ ಮಾರಸಿಂಗ. ಹೀಗೆ ಎಂಟನೆಯ ಶತಮಾನದಿಂದ ಹತ್ತನೆಯ ಶತಮಾನದವರೆಗೆ ಬೆಂಗಳೂರು-ಕೋಲಾರಗಳ ಸೀಮೆಯನ್ನು ಆಳಿದ ಮನೆತನದಲ್ಲಿ ಮಾರ ಎಂಬುದು ಮತ್ತೆ ಮತ್ತೆ ಬಂದಿರುವ ಪದ. ಅರಮನೆಯ ಹೊರಗೂ ಅದು ಇದ್ದಿತು. ಕವಿಚಕ್ರವರ್ತಿ ರನ್ನನು ಮುದುವೊಳಲಿನ ಬಳೆಗಾರರ ಮನೆತನದವನು. ಅವನ ಸೋದರರು ದೃಢಬಾಹು, ರೇಚಣ, ಮಾರಯ್ಯ. ಒಂದೇ ಮನೆಯಲ್ಲಿ ದೃಢಬಾಹು ಎಂಬ ಸಂಸ್ಕೃತ ನಾಮವೂ ಮಾರಯ್ಯ ಎಂಬ ದೇಶೀಯ ನಾಮವೂ ಯಾವ ವಿರೋಧವೂ ಇಲ್ಲದೆ ಕೂಡಿಬಾಳಿದುವು. ಹೆಸರುಗಳಲ್ಲಿ ಮೇಲುಕೀಳೆಂಬ ಭಾವನೆಯು ಆ ಮನೆಯಲ್ಲಿ ಇದ್ದಂತೆ ತೋರುವುದಿಲ್ಲ.

ಇದೇ ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ತನಗೆ ಆಶ್ರಯವಿತ್ತ ಚಾವುಂಡರಾಯನ ಮತ್ತು ಅತ್ತಿಮಬ್ಬೆಯ ಸ್ಮರಣೆಗಾಗಿ ಇಟ್ಟ ಹೆಸರುಗಳವು. ಹೆಸರನ್ನು ಇಡುವುದರಲ್ಲಿ ಕೃತಜ್ಞತೆಯೂ ಒಂದು ಕಾರಣವಾಗಿದ್ದಿತೆಂಬುದಕ್ಕೆ ಇದು ನಿದರ್ಶನ. ಕಲ್ಪಿತ ಪಾತ್ರಕ್ಕೆ ಹೆಸರಿಡುವವರು ಆ ಹೆಸರನ್ನು ಯಾರು ಇಟ್ಟರು, ಏಕೆ ಇಟ್ಟರು ಎಂದು ಕೇಳಿಕೊಂಡರೆ ಪಾತ್ರದ ಅರ್ಧ ಚರಿತ್ರೆಯು ತಾನಾಗಿಯೇ ಮೂಡುತ್ತದೆ.

ವಿಜಯನಗರದ ವಿದ್ಯಾರ್ಥಿಗಳು ಇದಕ್ಕಾಗಿ ದೂರ ಹೋಗಬೇಕಾಗಿಯೂ ಇರಲಿಲ್ಲ. ನಮ್ಮ ಬಡಾವಣೆಯೊಳಗೇ ಮಾರೇನಹಳ್ಳಿಯಿದೆ. ರಾಜಾಜಿನಗರದೊಳಗೆ ಕೇತಮಾರನಹಳ್ಳಿಯಿದೆ. ಕೇತ ಎಂಬುದೂ ಹಳೆಯ ಹೆಸರೇ: ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಸೋಮೇಶ್ವರನ ರಾಣಿ ಕೇತಲದೇವಿ, ಹನ್ನೆರಡನೆಯ ಶತಮಾನದಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ನಿರ್ಮಾಣಕ್ಕೆ ಕಾರಣನಾದ ಕೇತಮಲ್ಲ. ಕೇತಮಾರ ಎಂಬ ಸಮಾಸವು ಶಿವಮಾರ, ದುಗ್ಗಮಾರ ಎಂಬುವುಗಳ ಅಚ್ಚಿನಲ್ಲಿಯೇ ಎರಕಗೊಂಡುದು. ಆ ಹಳ್ಳಿಗಳು ಯಾವಾಗ ಹುಟ್ಟಿದರೂ ಇರಲಿ, ಅವುಗಳ ಹೆಸರಿನಲ್ಲಿರುವ ಮನುಷ್ಯರು ಗಂಗರ ಕಾಲದ ನಾಮಪದ್ಧತಿಯ ವಾರಸುದಾರರು. ಬಸ್ಸಿನ ಫಲಕದ ಮೇಲೆ ದಿನವೂ ಓದುವ ಪದವನ್ನು ನಮ್ಮ ವಿದ್ಯಾರ್ಥಿಗಳು ಹೆಸರೆಂದೇ ಗುರುತಿಸಿರಲಿಲ್ಲ.

7. ಕಾಲ ಮತ್ತು ಬರವಣಿಗೆಯ ರೂಪ

ಹೆಸರು ಸರಿಯಾಗಿದ್ದರೂ ಅದರ ರೂಪವು ಕಾಲಕ್ಕೆ ತಕ್ಕುದಾಗಿರಬೇಕು. ಪ್ರಾಚೀನ ಕನ್ನಡದ ಪಕಾರವು ಹತ್ತನೆಯ ಶತಮಾನದಿಂದ ಈಚೆಗೆ ಕ್ರಮೇಣ ಹಕಾರವಾಯಿತು. ಐದನೆಯ ಶತಮಾನದ ಹಲ್ಮಿಡಿಯ ಶಾಸನದಲ್ಲಿ ಆ ಊರು ಪಲ್ಮಿಡಿ; ಎಂಟನೆಯ ಶತಮಾನದ ಹೆಬ್ಬಾಳವು ಪೆರ್ಬೊೞಲ್. ಆದುದರಿಂದ 890ರ ಪಾತ್ರವು ಹೆಬ್ಬಾಳದಿಂದ ಬಂದೆನೆಂದು ಹೇಳಬಾರದು, ಪೆರ್ಬೊೞಲಿನಿಂದ ಬಂದೆನೆನ್ನಬೇಕು, ಬೇಗೂರನ್ನು ಬೆಂಪೂರೆನ್ನಬೇಕು. ಊರಿನ ಮುಖ್ಯಸ್ಥನನ್ನು ಸೂಚಿಸುವ ಪದವು ಮೊದಲು ಗಾಮುಂಡ, ಬಳಿಕ ಗಾವುಂಡ, ಕಡೆಗೆ ಗೌಡ. 890ರ ಕಥೆಯಲ್ಲಿ ಗೌಡನೆಂಬ ರೂಪಕ್ಕೆ ಸ್ಥಾನವಿಲ್ಲ. ಈಗ ಬಳಕೆಯಲ್ಲಿಲ್ಲದ ಱ, ೞ ಎಂಬ ಅಕ್ಷರಗಳನ್ನು ಬರೆಯುವಾಗ ಉಳಿಸಿಕೊಳ್ಳುವುದು ಉತ್ತಮ. ನುಡಿಯುವಾಗ ರಕಾರ ಳಕಾರಗಳಾಗಿ ಉಚ್ಚರಿಸಿದರೆ ದೋಷವಿಲ್ಲ. ಶಾಸನದಲ್ಲಿ ಗುಂಡನ್ ಎಂದಿರುವ ನಕಾರವು ಪ್ರಥಮಾ ವಿಭಕ್ತಿಯದು. ಅದನ್ನು ಹೆಸರಿನ ಭಾಗವೆಂದು ಭ್ರಮಿಸಬಾರದು.

ಇಂತಹ ಎಚ್ಚರವು ಅತಿಯಾದುದೆಂದು ಕೆಲವರಿಗೆ ತೋರಬಹುದು. ಪರದೇಶಗಳಲ್ಲಿ ಇದಕ್ಕಿಂತ ಹೆಚ್ಚಿನ ಎಚ್ಚರವನ್ನು ಹವ್ಯಾಸಿಗಳೇ ವಹಿಸಿದ್ದಾರೆ. 1966ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಪ್ರಾರಂಭವಾದ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಮ್' ಎಂಬ ಸಂಘದ ಸದಸ್ಯರು ಯೂರೋಪಿನ ಮಧ್ಯಯುಗದ ವೇಷ, ಊಟ, ಕಾಳಗಗಳನ್ನು ಅನುಕರಿಸುವವರು. ಅಲ್ಲಿ ಸದಸ್ಯನು ತಾನು ಆರಿಸಿಕೊಂಡ ಹೆಸರನ್ನು ನೋಂದಾಯಿಸಬೇಕಾದರೆ, ಅದು ಆ ಕಾಲದ ದಾಖಲೆಗಳಿಗೆ ಹೊಂದುವುದೆಂದು ಸಂಘದ ಪರೀಕ್ಷಕರಿಗೆ ಮನವರಿಕೆಯಾಗಬೇಕು. ಅವರಿಗೆ ಇರುವ ದಾಖಲೆಗಳಿಗಿಂತ ನಮ್ಮ ನಾಡಿನ ಕಲ್ಲುಗಳು ಕಡಮೆಯೇನಲ್ಲ.

8. ಹೆಸರನ್ನು ಆರಿಸುವ ಕ್ರಮ

ಮೇಲಿನ ವಿಚಾರಗಳಿಂದ ನಾಲ್ಕು ಪ್ರಶ್ನೆಗಳು ಸಿದ್ಧವಾಗುತ್ತವೆ. ಈ ಹೆಸರು ಯಾವ ಶತಮಾನದ್ದು? ಯಾವ ಸೀಮೆಯದು? ಯಾವ ಸ್ಥಾನದವರದು? ಇದು ಹುಟ್ಟುಹೆಸರೋ, ಬಿರುದೋ, ಪಟ್ಟವೋ? ನಾಲ್ಕಕ್ಕೂ ಉತ್ತರ ದೊರೆತ ಹೆಸರನ್ನು ಶಾಸನೋಕ್ತವೆಂದು ಗುರುತು ಮಾಡಿಕೊಳ್ಳಬೇಕು. ಎರಡು ಅಂಗಗಳೂ ಶಾಸನಗಳಲ್ಲಿದ್ದು, ಅವುಗಳ ಜೋಡಣೆ ಮಾತ್ರ ನಮ್ಮದಾದರೆ ಅದನ್ನು ಪದ್ಧತಿಸಿದ್ಧವೆನ್ನಬಹುದು. ಉದಾಹರಣೆಗೆ ಗುಂಡಯ್ಯ, ದುಗ್ಗಬ್ಬೆ. ಇವೆರಡೂ ಅಲ್ಲದುದು ಕಲ್ಪಿತ. ಕಲ್ಪಿತವನ್ನು ಬಳಸುವುದು ಅಪರಾಧವಲ್ಲ. ಅದನ್ನು ಪ್ರಾಚೀನವೆಂದು ಹೇಳುವುದು ಅಪರಾಧ.

ಈ ಕ್ರಮದಂತೆ ನಮ್ಮ ವಿದ್ಯಾರ್ಥಿಗಳು ತಮ್ಮ ಪಟ್ಟಿಯನ್ನು ತಾವೇ ತಿದ್ದಿದರು. ನಾಗತ್ತರ ಪಟ್ಟವನ್ನು ಧರಿಸಿದ ಅಧಿಕಾರಿ ಇರುಗ, ಅವನ ಮಗಳು ತೊಂಡಬ್ಬೆ, ಅವನ ನೆರೆಯ ನಾಡನ್ನು ಆಳುವ ವಿಧವೆ ಜಕ್ಕಿಯಬ್ಬೆ, ವ್ಯಾಪಾರಿ ಬುಟ್ಟಣಸೆಟ್ಟಿ, ಯೋಧ ಕಿತ್ತಯ್ಯ, ಕಲ್ಲುಕುಟಿಗ ಗುಂಡಾಚಾರಿ, ಬೆಳಗೊಳದಿಂದ ಬಂದ ಸಂನ್ಯಾಸಿನಿ ನಾಗಮತಿ ಗಂತಿ, ವೈದ್ಯ ವೃತ್ತಿಯ ದುಗ್ಗಬ್ಬೆ. ರಣಧೀರವರ್ಮನು ಸದ್ದಿಲ್ಲದೆ ಮರೆಯಾದನು.

ಬೇಟೆಯ ನಾಯಿಗೂ ಒಂದು ಹೆಸರು ಬೇಕೆಂದು ಅವರು ಕೇಳಿದರು. ಅದಕ್ಕೂ ಕಲ್ಲಿನಲ್ಲಿ ಉತ್ತರವುಂಟು. ತಕ್ಕೋಲದ ಯುದ್ಧದಲ್ಲಿ ಶೌರ್ಯವನ್ನು ಮೆರೆದ ಮಣಲೇರನಿಗೆ ಬೇಕಾದುದನ್ನು ಕೇಳೆಂದು ಬೂತುಗನು ಹೇಳಿದಾಗ, ಅವನು ಬೇಡಿದುದು ಕಾಳಿಯೆಂಬ ನಾಯಿಯನ್ನು. ಬೇಳತೂರಿನ ಬಳಿ ಕಾಳಿಯು ಹಂದಿಯೊಡನೆ ಕಾದಿತು, ಎರಡೂ ಸತ್ತುವು. ಆತಕೂರಿನಲ್ಲಿ ಅದಕ್ಕೆ ಕಲ್ಲನ್ನು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಟ್ಟರು. 949–50ರ ಆ ಶಾಸನವು ಕನ್ನರದೇವನ ಮಹಾವಿಜಯವನ್ನು ಯಾವ ಕಲ್ಲಿನಲ್ಲಿ ಹೇಳಿತೋ ಅದೇ ಕಲ್ಲಿನಲ್ಲಿ ಒಂದು ನಾಯಿಯ ಹೆಸರನ್ನೂ ಹೇಳಿತು. ಅದು ಈಗ ಬೇಗೂರಿನ ವೀರಗಲ್ಲಿನೊಡನೆ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ವಿದ್ಯಾರ್ಥಿಗಳು ಹೋಗಿ ನೋಡಿಬರಬಹುದು.

9. ಉಪಸಂಹಾರ

ಕಲ್ಪಿತ ಕಥೆಗೆ ಹೆಸರಿಡುವುದು ಕ್ಷುಲ್ಲಕ ಕಾರ್ಯವಲ್ಲವೆಂದು ಆರಂಭದಲ್ಲಿ ಹೇಳಿದೆವು. ಪ್ರಾಚೀನ ಕಾಲವನ್ನು ಕಣ್ಣಮುಂದೆ ತಂದುಕೊಳ್ಳುವಾಗ ನಾವು ವರ್ಮರನ್ನೂ ಮೋಹಿನಿಯರನ್ನೂ ಮಾತ್ರ ಕಂಡರೆ, ಆ ಕಾಲದಲ್ಲಿ ಬೇರೆ ಯಾರೂ ಇರಲಿಲ್ಲವೆಂದೇ ಭಾವಿಸಿದಂತಾಗುತ್ತದೆ. ದೇಶೀಯ ನಾಮವು ಸೇವಕನಿಗೂ ವಿದೂಷಕನಿಗೂ ಮಾತ್ರ ಮೀಸಲೆಂದು ಬಗೆದರೆ, ಅಂತಹ ಹೆಸರನ್ನು ಇಂದಿಗೂ ಹೊತ್ತಿರುವ ಮನೆಗಳಿಗೆ ಚರಿತ್ರೆಯಲ್ಲಿ ಪಾಲಿಲ್ಲವೆಂದು ಸಾರಿದಂತಾಗುತ್ತದೆ. ಶಾಸನಗಳು ಇವೆರಡನ್ನೂ ಸುಳ್ಳೆನ್ನುತ್ತವೆ. ನಮ್ಮ ಅಜ್ಜಂದಿರ ಹೆಸರುಗಳನ್ನು ಹಾಜರಿಯ ಪುಸ್ತಕಗಳಿಂದ ಅಳಿಸಿಹಾಕಿದವರು ಶತ್ರುಗಳಲ್ಲ. ಅವನ್ನು ಕೇಳಿ ನಕ್ಕವರು ನಾವೇ.

ತಿದ್ದಿದ ಪಟ್ಟಿಯಲ್ಲಿ ಮಾರನೂ ಉಳಿದಿದ್ದಾನೆ. ಅವನು ಈಗ ಸೇವಕನಲ್ಲ; ಬೆಂಪೂರಿನ ಕೆಱೆಯ ಕಾವಲಿಗೆ ನಿಂತ ಮಾರಯ್ಯ. ಆ ಪಾತ್ರವನ್ನು ವಹಿಸುವೆನೆಂದು ಕೇಳಿ ಪಡೆದವನು, ಅಂದು ನಗದೆ ಕುಳಿತಿದ್ದ ವಿದ್ಯಾರ್ಥಿ.